ಬಡ್ಡಿಯನ್ನು ಲೀಟರಿನಲ್ಲಿ ಅಳೆದು ನೋಡಿ



ಆನೆಗೊಂದಿ, ಸಾಣಾಪುರ, ಮಲ್ಲಾಪುರದ ಕಡೆ ಲಸಿಕೆ ಹಾಕಲು ಬಂದಾಗ, ಕೆಲಸ ಮುಗಿದು ಕೈ ತೊಳೆಯುವ ಹೊತ್ತಿಗೆ ಒಂದು ಪ್ರಶ್ನೆ ಬಂದೇ ಬರುತ್ತದೆ. "ಡಾಕ್ಟ್ರ, ಬಡ್ಡಿ ಇಳದೈತಂತ. ಈಗ ಸಾಲ ಮಾಡಿ ಇನ್ನೊಂದ್ ಆಕಳ ತಂದ್ರ ಹೆಂಗ್ರೀ?" ಇದು ಬ್ಯಾಂಕಿನ ಮ್ಯಾನೇಜರರನ್ನು ಕೇಳಬೇಕಾದ ಪ್ರಶ್ನೆ, ದನದ ಡಾಕ್ಟರನ್ನಲ್ಲ ಎಂದು ಕೆಲವರು ಹೇಳಬಹುದು. ಆದರೆ ಲೆಕ್ಕ ತಪ್ಪಿದ ಸಾಲದಿಂದ ಖಾಲಿಯಾದ ಕೊಟ್ಟಿಗೆಗಳನ್ನು ನಾನು ಕಂಡಿದ್ದೇನೆ. ರೋಗಕ್ಕೆ ನನ್ನ ಚೀಲದಲ್ಲಿ ಔಷಧ ಇರುತ್ತದೆ, ಕಂತಿಗೆ ಇರುವುದಿಲ್ಲ. ಹಾಗಾಗಿ ಈ ಸಲ ಬೆದೆ, ಗಬ್ಬ, ಜಂತುನಾಶಕಗಳನ್ನು ಸ್ವಲ್ಪ ಬದಿಗಿಟ್ಟು ಬಡ್ಡಿಯ ಬಗ್ಗೆ ನನ್ನ ಅಭಿಪ್ರಾಯವನ್ನು ನಿಮ್ಮ ಮುಂದಿಡುತ್ತೇನೆ.

ಮೊದಲು ಉತ್ತರ ಹೇಳಿಬಿಡುತ್ತೇನೆ. 2025ರಲ್ಲಿ ಪೇಪರಿನಲ್ಲಿ ಬಡ್ಡಿ ಇಳಿಯಿತು, ನಿಜ. ಆದರೆ ನಿಮ್ಮ ಮೇಲೆ ಬೀಳುವ ನಿಜವಾದ ಬಡ್ಡಿ ಇಳಿಯಲಿಲ್ಲ. ನನ್ನ ಲೆಕ್ಕದಲ್ಲಿ ಅದು ಏರಿತು.

ಇದು ಹೇಗೆ ಎಂದು ತಿಳಿಯಲು ಹಳೆಯ ಕಾಳಿನ ಸಾಲವನ್ನು ನೆನಪಿಸಿಕೊಳ್ಳಿ. ಬಿತ್ತನೆಗೆ ಒಂದು ಚೀಲ ಜೋಳ ತಂದರೆ ಸುಗ್ಗಿಗೆ ಒಂದೂಕಾಲು ಚೀಲ ಅಳೆಯಬೇಕು. ನಡುವೆ ಜೋಳದ ಬೆಲೆ ಏರಲಿ ಇಳಿಯಲಿ, ಕೊಡುವವನಿಗೂ ಪಡೆಯುವವನಿಗೂ ಕಾಲು ಚೀಲವೇ ಬಡ್ಡಿ. ರೂಪಾಯಿಯ ಸಾಲದಲ್ಲಿ ಹಾಗಲ್ಲ. ನೂರು ರೂಪಾಯಿ ತಂದು ವರ್ಷಕ್ಕೆ ನೂರಾ ಹನ್ನೆರಡು ಕೊಟ್ಟರೆ ಬಡ್ಡಿ ಹನ್ನೆರಡು ಎಂದು ಕಾಗದ ಹೇಳುತ್ತದೆ. ಅದೇ ವರ್ಷ ನೀವು ಮಾರುವ ಮಾಲಿನ ಬೆಲೆ ನೂರಕ್ಕೆ ಹತ್ತು ಏರಿದ್ದರೆ, ಮಾಲಿನ ಲೆಕ್ಕದಲ್ಲಿ ನೀವು ಕೊಟ್ಟ ಬಡ್ಡಿ ಹೆಚ್ಚುಕಡಿಮೆ ಎರಡೇ. ಬೆಲೆ ಏರದೆ ನಿಂತಿದ್ದರೆ ಪೂರಾ ಹನ್ನೆರಡು. ಬೆಲೆ ಇಳಿದಿದ್ದರೆ ಹನ್ನೆರಡಕ್ಕಿಂತ ಹೆಚ್ಚು. ಕಾಗದದ ಬಡ್ಡಿಯಲ್ಲಿ ಬೆಲೆ ಏರಿಕೆಯನ್ನು ಕಳೆದು ಉಳಿಯುವುದನ್ನು ಅರ್ಥಶಾಸ್ತ್ರದವರು ನೈಜ ಬಡ್ಡಿ ಎನ್ನುತ್ತಾರೆ. ನಾವು ನಿಜ ಬಡ್ಡಿ ಎನ್ನೋಣ.

ರೂಪಾಯಿಯ ಮೇಲಿನ ಅಂಕಿಯೊಂದನ್ನೇ ನಂಬಬಾರದು ಎಂಬುದು ನಮ್ಮ ಸೀಮೆಗೆ ಹೊಸದೇನೂ ಅಲ್ಲ. ಆನೆಗೊಂದಿ 1948ರವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಹೊಳೆಯ ಆಚೆ ದಡದ ಹಂಪಿ, ಹೊಸಪೇಟೆ ಮದ್ರಾಸ್ ಪ್ರಾಂತದ ಬಳ್ಳಾರಿ ಜಿಲ್ಲೆಯಲ್ಲಿದ್ದವು. ಈ ದಡದಲ್ಲಿ ನಿಜಾಮರ ಹಾಲಿ ಸಿಕ್ಕಾ, ಆ ದಡದಲ್ಲಿ ಬ್ರಿಟಿಷರ ಕಲದಾರ ರೂಪಾಯಿ. ಏಳು ಹಾಲಿ ಸಿಕ್ಕಾ ಕೊಟ್ಟರೆ ಸುಮಾರು ಆರು ಕಲದಾರ. ಹರಿಗೋಲು ಹತ್ತಿ ಸಂತೆಗೆ ಹೋದವರಿಗೆ ಎರಡೂ ಕಡೆ ಹೆಸರು ರೂಪಾಯಿಯೇ, ತೂಕ ಮಾತ್ರ ಬೇರೆ. ಹಾಲಿ ಸಿಕ್ಕಾ 1959ರ ಹೊತ್ತಿಗೆ ಚಲಾವಣೆಯಿಂದಲೇ ಹೋಯಿತು. ಈಗ ಹೊಳೆಯ ಎರಡೂ ದಡಕ್ಕೆ ಒಂದೇ ರೂಪಾಯಿ. ಆದರೆ ಸಾಲ ತಂದ ದಿನದ ರೂಪಾಯಿಗೂ ಕೊನೆಯ ಕಂತು ಕಟ್ಟುವ ದಿನದ ರೂಪಾಯಿಗೂ ನಡುವೆ ಇಂದಿಗೂ ಒಂದು ಹೊಳೆ ಇದ್ದೇ ಇದೆ.

ಕಳೆದ ಐವತ್ತು ವರ್ಷದಲ್ಲಿ ಈ ನಿಜ ಬಡ್ಡಿ ಹೇಗೆಲ್ಲಾ ಹೊಯ್ದಾಡಿದೆ ನೋಡಿ. 1974-75ರಲ್ಲಿ ದೇಶದ ಸಗಟು ಬೆಲೆಗಳು ಒಂದೇ ವರ್ಷದಲ್ಲಿ ಶೇ 25ರಷ್ಟು ಏರಿದವು. ಅದಕ್ಕೆ ಮುಂಚೆ ಶೇ 10-12ರ ಬಡ್ಡಿಗೆ ಸಾಲ ಮಾಡಿ ಹೊಲ ತಿದ್ದಿದವರಿಗೆ ಆ ಸಾಲ ತಾನೇ ಕರಗಿದಂತಾಯಿತು, ತೀರಿಸಲು ಮೊದಲಿಗಿಂತ ಕಡಿಮೆ ಬೆಳೆ ಮಾರಿದರೆ ಸಾಕಾಯಿತು. "ಸಾಲ ಮಾಡು, ಬೆಲೆ ಏರ್ತಾವ, ತಾನ ತೀರತೈತಿ" ಎಂದು ಕೆಲವು ಹಿರಿಯರು ಇಂದಿಗೂ ಹೇಳುವ ಮಾತು ಅಂಥ ಕಾಲದಿಂದ ಬಂದದ್ದು. ಅದರ ಮರುವರ್ಷದ ಕಥೆ ಮಾತ್ರ ಯಾರಿಗೂ ನೆನಪಿಲ್ಲ. 1975-76ರಲ್ಲಿ ಸಗಟು ಬೆಲೆಗಳು ಏರಲೇ ಇಲ್ಲ, ಶೇ 1ರಷ್ಟು ಇಳಿದವು. ಹಿಂದಿನ ವರ್ಷದ ಏರಿಕೆ ನಂಬಿ ಸಾಲ ಮಾಡಿದವರಿಗೆ ಕಾಗದದ ಬಡ್ಡಿಗಿಂತ ಹೆಚ್ಚಿನ ಭಾರ ಬಿತ್ತು.

ನಿಮಗೂ ನನಗೂ ನೆನಪಿರುವ ಕಾಲಕ್ಕೆ ಬರೋಣ. 2009ರಿಂದ 2013ರವರೆಗೆ ಬೆಲೆ ಏರಿಕೆ ವರ್ಷಕ್ಕೆ ಶೇ 10ರ ಆಸುಪಾಸಿನಲ್ಲಿತ್ತು. ಬ್ಯಾಂಕಿನ ಠೇವಣಿಗೆ ಆಗ ಒಳ್ಳೆಯ ಬಡ್ಡಿ ಎಂದರೆ ಶೇ 9. ಅಂದರೆ ಹಣ ಇಟ್ಟವರು ಪ್ರತಿ ವರ್ಷ ಸ್ವಲ್ಪ ಸ್ವಲ್ಪ ಕಳೆದುಕೊಂಡರು. ಹೆಣ್ಣುಮಕ್ಕಳು ಬ್ಯಾಂಕು ಬಿಟ್ಟು ಬಂಗಾರದ ಅಂಗಡಿ ಕಡೆ ನಡೆದದ್ದರಲ್ಲಿ ಆಶ್ಚರ್ಯವೇನಿಲ್ಲ, ಅವರ ಲೆಕ್ಕ ಸರಿಯೇ ಇತ್ತು. ಕೋವಿಡ್ ಕಾಲದಲ್ಲಿ ಮತ್ತೆ ಅದೇ ಸ್ಥಿತಿ. 2020ರ ಮೇ ತಿಂಗಳಿಂದ 2022ರ ಮೇ ತಿಂಗಳವರೆಗೆ ರಿಸರ್ವ್ ಬ್ಯಾಂಕಿನ ರೆಪೊ ದರ ಶೇ 4, ಬೆಲೆ ಏರಿಕೆ ಶೇ 5ರಿಂದ 6ರ ಮೇಲೆ. ರೆಪೊ ದರ ಎಂದರೆ ರಿಸರ್ವ್ ಬ್ಯಾಂಕು ಇತರ ಬ್ಯಾಂಕುಗಳಿಗೆ ಕೊಡುವ ಹಣದ ಬಡ್ಡಿ. ಉಳಿದೆಲ್ಲ ಬಡ್ಡಿಗಳಿಗೂ ಅದೇ ಬುಡ. ಆ ಬುಡವೇ ಆಗ ಸೊನ್ನೆಗಿಂತ ಕೆಳಗಿತ್ತು.

ಇನ್ನು 2025ರ ಮಾತು. ಫೆಬ್ರುವರಿಯಲ್ಲಿ ಶೇ 6.5 ಇದ್ದ ರೆಪೊ ದರವನ್ನು ರಿಸರ್ವ್ ಬ್ಯಾಂಕು ಹಂತಹಂತವಾಗಿ ಇಳಿಸಿ ಡಿಸೆಂಬರಿನಲ್ಲಿ ಶೇ 5.25ಕ್ಕೆ ತಂದಿತು. "ಬಡ್ಡಿ ಇಳದೈತಂತ" ಎಂಬ ಸುದ್ದಿ ಇದೇ. ಆದರೆ ಇದೇ ಅವಧಿಯಲ್ಲಿ ಬೆಲೆ ಏರಿಕೆ ಎಷ್ಟು ಇಳಿಯಿತು ಗೊತ್ತೇ? ಜನವರಿಯಲ್ಲಿ ಶೇ 4ರ ಮೇಲಿದ್ದದ್ದು ಅಕ್ಟೋಬರಿನಲ್ಲಿ ಶೇ 0.25. ಈ ಲೆಕ್ಕಪಟ್ಟಿ ಶುರುವಾದಾಗಿನಿಂದ ಇಷ್ಟು ಕಡಿಮೆ ಎಂದೂ ಆಗಿರಲಿಲ್ಲ. ಬಡ್ಡಿ ಇಳಿದದ್ದು ಒಂದೂಕಾಲು, ಬೆಲೆ ಏರಿಕೆ ಇಳಿದದ್ದು ನಾಲ್ಕು. ಕಳೆದು ನೋಡಿ: ವರ್ಷದ ಆರಂಭದಲ್ಲಿ ಎರಡರ ಆಸುಪಾಸಿನಲ್ಲಿದ್ದ ನಿಜ ಬಡ್ಡಿ ಅಕ್ಟೋಬರಿನ ಹೊತ್ತಿಗೆ ಐದರ ಆಸುಪಾಸಿಗೆ ಬಂದಿತ್ತು. ರೆಪೊ ದರ ಮೂರ್ನಾಲ್ಕು ಸಲ ಇಳಿದರೂ ಸಾಲಗಾರನ ಹೆಗಲು ಹಗುರವಾಗಲಿಲ್ಲ.

ಇಷ್ಟಾದರೂ ಇದು ದೇಶದ ಲೆಕ್ಕ. ನೀವು ಮಾರುವುದು ಟೊಮೆಟೊ ಅಲ್ಲ, ಹಾಲು. ನಿಮ್ಮ ಸಾಲದ ನಿಜ ಬಡ್ಡಿ ತಿಳಿಯಬೇಕಾದರೆ ಹಾಲಿನ ದರದ ಏರಿಕೆಯನ್ನೇ ಕಳೆಯಬೇಕು.

ನಂದಿನಿ ನೀಲಿ ಪ್ಯಾಕೆಟ್ಟಿನ ಲೀಟರ್ ದರ ಎಲ್ಲರಿಗೂ ಗೊತ್ತಿರುವುದರಿಂದ ಅದನ್ನೇ ಹಿಡಿಯೋಣ. ಉತ್ಪಾದಕರಿಗೆ ಸಿಗುವ ದರ ಬೇರೆ, ಅದು ಒಕ್ಕೂಟದಿಂದ ಒಕ್ಕೂಟಕ್ಕೆ, ಹಂಗಾಮಿನಿಂದ ಹಂಗಾಮಿಗೆ ಬದಲಾಗುತ್ತದೆ. ಆದರೆ ದಿಕ್ಕು ತಿಳಿಯಲು ಇದು ಸಾಕು. 2017ರ ಏಪ್ರಿಲಿನಲ್ಲಿ 35 ರೂಪಾಯಿ. 2020ರ ಫೆಬ್ರುವರಿಯಲ್ಲಿ 37. 2022ರ ನವೆಂಬರಿನಲ್ಲಿ 39. ಐದೂವರೆ ವರ್ಷದಲ್ಲಿ ನಾಲ್ಕೇ ರೂಪಾಯಿ, ವರ್ಷಕ್ಕೆ ಶೇ 2 ಬಂದರೆ ಹೆಚ್ಚು. ಅಷ್ಟರಲ್ಲಿ ಉಳಿದ ಸಾಮಾನಿನ ಬೆಲೆ ಒಟ್ಟಾರೆ ಮೂರನೇ ಒಂದು ಪಾಲು ಏರಿತ್ತು. ಮುಂದೆ 2023ರ ಆಗಸ್ಟಿನಲ್ಲಿ 42, 2025ರ ಏಪ್ರಿಲಿನಲ್ಲಿ 46. (2024ರಲ್ಲಿ 50 ಮಿಲಿ ಹೆಚ್ಚು ತುಂಬಿ 2 ರೂಪಾಯಿ ಏರಿಸಿ, ಮರುವರ್ಷ ಅದನ್ನು ಕೈಬಿಟ್ಟದ್ದು ನಡುವಿನ ಗಲಿಬಿಲಿ, ಅದನ್ನು ಬಿಡಿ.) ಅಂದರೆ ಎರಡೂವರೆ ವರ್ಷಕ್ಕೂ ಕಡಿಮೆ ಅವಧಿಯಲ್ಲಿ ಏಳು ರೂಪಾಯಿ, ವರ್ಷಕ್ಕೆ ಶೇ 7ರ ಲೆಕ್ಕ.

ಹಾಗಾದರೆ 2017ರಲ್ಲಿ ಶೇ 12ರ ಸಾಲ ತಂದವರು ಹಾಲಿನ ಲೆಕ್ಕದಲ್ಲಿ ಕೊಟ್ಟದ್ದು ಶೇ 10. 2022ರ ಕೊನೆಯಲ್ಲಿ ಅದೇ ಶೇ 12ಕ್ಕೆ ತಂದವರು ಕೊಟ್ಟದ್ದು ಶೇ 5. ಅದೇ ಬ್ಯಾಂಕು, ಅದೇ ಕಾಗದ, ಅದೇ ಅಂಕಿ, ಆದರೆ ಭಾರದಲ್ಲಿ ಎರಡು ಪಟ್ಟು ವ್ಯತ್ಯಾಸ. ಇದರಲ್ಲಿ ಒಬ್ಬರು ಜಾಣರು, ಇನ್ನೊಬ್ಬರು ದಡ್ಡರು ಎಂದೇನಿಲ್ಲ. ಕಾಲ ಬೇರೆ, ಅಷ್ಟೇ. ಪಕ್ಕದ ಮನೆಯವರ ಸಾಲ ಸಲೀಸಾಗಿ ತೀರಿತು ಎಂದು ನಿಮ್ಮದೂ ಹಾಗೇ ತೀರುತ್ತದೆ ಎನ್ನುವಂತಿಲ್ಲ ಎಂಬುದನ್ನು ಮಾತ್ರ ಗಮನಿಸಿ.

ಈಗ ನಿಮ್ಮ ಕೊಟ್ಟಿಗೆಗೇ ಬರೋಣ. ಒಂದು ಮಿಶ್ರತಳಿ ಆಕಳಿಗೆ 80,000 ರೂಪಾಯಿ ಸಾಲ, ಶೇ 12, ಮೂರು ವರ್ಷ ಎಂದುಕೊಳ್ಳಿ. ತಿಂಗಳ ಕಂತು ಸುಮಾರು 2,660. ನಿಮಗೆ ಲೀಟರಿಗೆ 35 ರೂಪಾಯಿ ಬಟವಾಡೆ ಆಗುತ್ತದೆ ಎಂದಿಟ್ಟುಕೊಂಡರೆ ಕಂತು ತಿಂಗಳಿಗೆ 76 ಲೀಟರ್ ಹಾಲು. ದರ ವರ್ಷಕ್ಕೆ ಶೇ 7 ಏರುತ್ತಾ ಹೋದರೆ ಮೂರನೇ ವರ್ಷ ಅದೇ ಕಂತು 66 ಲೀಟರಿಗೆ ಇಳಿಯುತ್ತದೆ. ದರ ನಿಂತಲ್ಲೇ ನಿಂತರೆ ಕೊನೆಯ ಕಂತೂ 76 ಲೀಟರೇ.

ಇಷ್ಟೇ ಆಗಿದ್ದರೆ ಪರವಾಗಿರಲಿಲ್ಲ, ದಿನಕ್ಕೆ 10 ಲೀಟರ್ ಕೊಡುವ ಆಕಳು ತಿಂಗಳಿಗೆ 300 ಲೀಟರ್ ಕೊಡುತ್ತದಲ್ಲ ಎನ್ನುತ್ತೀರಿ. ತಪ್ಪುವುದು ಇಲ್ಲೇ. ಕಂತು ಕಟ್ಟುವುದು ಹಾಲಿನ ದುಡ್ಡಿನಿಂದ ಅಲ್ಲ, ಹಿಂಡಿ ಹುಲ್ಲಿನ ಖರ್ಚು ಕಳೆದು ಉಳಿದ ದುಡ್ಡಿನಿಂದ. ಲೀಟರಿಗೆ 10 ರೂಪಾಯಿ ಉಳಿಯುತ್ತದೆ ಎಂದರೆ, 2,660 ರೂಪಾಯಿ ಕಂತಿಗೆ 266 ಲೀಟರಿನ ಉಳಿಕೆ ಬೇಕು. ತಿಂಗಳ 300 ಲೀಟರಿನಲ್ಲಿ ಮನೆಗೆ ಉಳಿಯುವುದು 34 ಲೀಟರಿನ ಲಾಭ.

ಆ ಉಳಿಕೆ ಎಷ್ಟು ನಾಜೂಕು ಎಂಬುದನ್ನೂ ನೋಡಿ. 10 ಲೀಟರ್ ಕೊಡುವ ಆಕಳಿಗೆ ದೇಹಪೋಷಣೆಗೆ 2 ಕಿಲೋ, ಪ್ರತಿ ಲೀಟರಿಗೆ 400 ಗ್ರಾಂ, ಒಟ್ಟು ದಿನಕ್ಕೆ 6 ಕಿಲೋ ಪಶು ಆಹಾರ ಬೇಕು. 50 ಕಿಲೋ ಚೀಲದ ಬೆಲೆ 100 ರೂಪಾಯಿ ಏರಿದರೆ ದಿನಕ್ಕೆ 12 ರೂಪಾಯಿ, ಅಂದರೆ ಲೀಟರಿಗೆ 1 ರೂಪಾಯಿ 20 ಪೈಸೆ ಹೋಯಿತು. ಹಾಲಿನ ದರ 2 ರೂಪಾಯಿ ಏರಿತೆಂದು ಪೇಡೆ ಹಂಚಿದ ವರ್ಷ ಚೀಲಕ್ಕೂ 100 ಏರಿದ್ದರೆ, ನಿಮ್ಮ ಕೈಗೆ ಬಂದದ್ದು 80 ಪೈಸೆ. ನಿಜ ಬಡ್ಡಿಯ ಲೆಕ್ಕಕ್ಕೆ ಹಿಡಿಯಬೇಕಾದದ್ದು ಆ 80 ಪೈಸೆಯನ್ನು, 2 ರೂಪಾಯಿಯನ್ನಲ್ಲ.

ಹುಲ್ಲು ಸ್ವಂತದ್ದೇ, ಕೊಂಡದ್ದೇ ಎಂಬುದೂ ಇಲ್ಲೇ ಬರುತ್ತದೆ. ಆನೆಗೊಂದಿ ಸುತ್ತ ವಿಜಯನಗರ ಕಾಲುವೆಯ ನೀರಿದೆ, ಭತ್ತದ ಹುಲ್ಲಿದೆ, ಬಾಳೆ ತೋಟದ ಬದುವಿನಲ್ಲಿ ನಾಲ್ಕು ಸಾಲು ನೇಪಿಯರ್ ಹಚ್ಚಲು ಜಾಗವಿದೆ. ಕುಷ್ಟಗಿ, ಯಲಬುರ್ಗಾದ ಒಣಬೇಸಾಯದವರಿಗೆ ಮಳೆ ಬಂದರೆ ಜೋಳದ ಕಣಿಕೆ, ಬಾರದಿದ್ದರೆ ಕೊಂಡು ತರುವುದೇ ಗತಿ. ಒಂದೇ ಬ್ಯಾಂಕಿನ ಒಂದೇ ಬಡ್ಡಿಯ ಸಾಲ ಇಲ್ಲಿ ಒಂದು ಭಾರ, ಅಲ್ಲಿ ಇನ್ನೊಂದು ಭಾರ. ಹಾಗಿದ್ದೂ ಗಂಗಾವತಿ ಕಡೆ ಯಂತ್ರದಲ್ಲಿ ಭತ್ತ ಕೊಯ್ಸಿ, ಹುಲ್ಲನ್ನು ಗದ್ದೆಯಲ್ಲೇ ಸುಟ್ಟು, ಆರು ತಿಂಗಳ ಮೇಲೆ ಹೊರಗಿನಿಂದ ಹುಲ್ಲು ಕೊಳ್ಳುವವರನ್ನು ನೋಡಿದಾಗ ನನಗೆ ಸಿಟ್ಟು ಬರುತ್ತದೆ. ಹೊಟ್ಟು ಕಟ್ಟುವ ಯಂತ್ರದವರಿಗೆ ಕೊಡುವ ದುಡ್ಡು ದಂಡವಲ್ಲ, ಅದು ನಿಮ್ಮ ಸಾಲದ ಬಡ್ಡಿಯನ್ನು ಇಳಿಸುವ ದುಡ್ಡು.

ಇನ್ನು ನನ್ನ ಸ್ವಂತ ಇಲಾಖೆಯ ಮಾತು. ಶೇ 12ರ ಬದಲು ಶೇ 10ಕ್ಕೆ ಸಾಲ ಸಿಗಲಿ ಎಂದು ನಾಲ್ಕು ಬ್ಯಾಂಕು ಅಲೆಯುತ್ತೀರಿ, ಅಲೆಯಬೇಕಾದದ್ದೇ. 80,000ಕ್ಕೆ ಆ ಎರಡರಿಂದ ಮೊದಲ ವರ್ಷ ಉಳಿಯುವುದು ಹೆಚ್ಚೆಂದರೆ 1,600 ರೂಪಾಯಿ. ಒಂದು ಬೆದೆ ಗಮನಿಸದೆ ಬಿಟ್ಟರೆ 21 ದಿನ ಹೋಯಿತು. ಬತ್ತಿದ ಆಕಳಿನ ಮೇವಿಗೆ ದಿನಕ್ಕೆ 120 ರೂಪಾಯಿ ಹಿಡಿದರೂ 2,500 ದಾಟುತ್ತದೆ, ಮುಂದಿನ ಕರು, ಮುಂದಿನ ಹಾಲು 21 ದಿನ ತಡ. ಒಂದು ಬೆದೆ ತಪ್ಪಿದರೆ ಎರಡು ಪರ್ಸೆಂಟ್ ಬಡ್ಡಿಯ ಉಳಿತಾಯ ಪೂರಾ ಹೋಗಿ ಮೇಲೆ ಸಾಲ. ಬೆಳಿಗ್ಗೆ ಸಂಜೆ ಹಿಂಡುವಾಗ ಆಕಳಿನ ಹಿಂದೆ ನಿಂತು ಲೋಳೆ ನೋಡುವುದಕ್ಕೆ ಯಾವ ಮ್ಯಾನೇಜರರ ಸಹಿಯೂ ಬೇಕಿಲ್ಲ.

ಬತ್ತಿದ ತಿಂಗಳುಗಳಲ್ಲೂ ಕಂತು ಬರುತ್ತದೆ. ಗಬ್ಬದ ಕೊನೆಯ 60 ದಿನ ಹಾಲು ಬಿಡಿಸಲೇಬೇಕು, ಬಿಡಿಸದಿದ್ದರೆ ಮುಂದಿನ ಸೂಲಿನ ಹಾಲಿಗೇ ಪೆಟ್ಟು. ಎಲ್ಲ ಸರಿಯಾಗಿ ನಡೆದರೂ ಮೂರು ವರ್ಷದ 36 ಕಂತಿನಲ್ಲಿ ನಾಲ್ಕೈದು ಕಂತು ಹಾಲಿಲ್ಲದ ತಿಂಗಳಲ್ಲೇ ಬೀಳುತ್ತವೆ. ಆಗ ಬಹಳ ಮಂದಿ ಆ ಕಂತು ತುಂಬಲು ಕೈಗಡ ತರುತ್ತಾರೆ, ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ. ವರ್ಷಕ್ಕೆ 36. ಯಾವ ಕಾಲದ ಯಾವ ಬೆಲೆ ಏರಿಕೆಯೂ ಅದನ್ನು ಕರಗಿಸುವುದಿಲ್ಲ. ಇಲ್ಲಿಂದ ದೂರವಲ್ಲದ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿ ಸಹಕಾರ ಸಂಘ ಕಟ್ಟಿದ್ದು ರೈತರನ್ನು ಇಂಥ ಬಡ್ಡಿಯಿಂದ ಬಿಡಿಸಲೆಂದೇ. ನೂರಾ ಇಪ್ಪತ್ತು ವರ್ಷದ ಮೇಲೂ ಹಾಲಿನ ಸಂಘದ ಮುಂದೆಯೇ ಕೈಗಡದ ಲೆಕ್ಕ ನಡೆಯುತ್ತಿರುವುದು ನಮಗೆಲ್ಲ ನಾಚಿಕೆಯ ವಿಷಯ.

ಮೈಕ್ರೋಫೈನಾನ್ಸಿನ ಬಗ್ಗೆಯೂ ಎರಡು ಮಾತು. ಅವರ ಬಡ್ಡಿ ಶೇ 20ರ ಮೇಲೇ ಇರುತ್ತದೆ. ವಸೂಲಿಯ ಕಿರುಕುಳ ತಡೆಯಲು ರಾಜ್ಯ ಸರ್ಕಾರ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ತಂದು ಬಳಿಕ ಕಾಯ್ದೆ ಮಾಡಿತು, ಒಳ್ಳೆಯದಾಯಿತು. ಆದರೆ ಕಾಯ್ದೆ ಮನೆ ಬಾಗಿಲಿಗೆ ಬಂದು ಕೂಗಾಡುವವರನ್ನು ತಡೆದೀತು, ಬಡ್ಡಿಯ ಲೆಕ್ಕವನ್ನಲ್ಲ. "ಫ್ಲಾಟ್" ಎಂಬ ಪದ ಕೇಳಿದ ಕೂಡಲೇ ಎಚ್ಚರವಾಗಿ. ನಮ್ಮ 80,000ವನ್ನೇ ಫ್ಲಾಟ್ ಶೇ 12ಕ್ಕೆ ತಂದರೆ, ತೀರಿಸುತ್ತಾ ಬಂದರೂ ಮೂರು ವರ್ಷವೂ ಪೂರಾ 80,000ಕ್ಕೆ ಬಡ್ಡಿ ಹಾಕುತ್ತಾರೆ: 28,800. ಇಳಿಯುವ ಬಾಕಿಯ ಮೇಲೆ ಹಾಕಿದ್ದರೆ 15,700ರ ಒಳಗೆ. ಹೆಸರಿಗೆ ಹನ್ನೆರಡು, ಅಸಲಿಗೆ ಶೇ 21. ಸಹಿ ಹಾಕುವ ಮುಂಚೆ "ಬಾಕಿ ಮ್ಯಾಲ ಬಡ್ಡೀನೋ, ಪೂರಾ ಸಾಲದ ಮ್ಯಾಲೋ" ಎಂದು ಕೇಳಿ. ನೇರ ಉತ್ತರ ಬಾರದಿದ್ದರೆ ಎದ್ದು ಬನ್ನಿ.

ಹಾಗಾದರೆ ಸಾಲವೇ ಬೇಡವೇ? ಬೇಕು, ಆದರೆ ಯಾವುದಕ್ಕೆ ಯಾವ ಸಾಲ ಎಂಬುದು ಮುಖ್ಯ. ಕಿಸಾನ್ ಕ್ರೆಡಿಟ್ ಕಾರ್ಡ್ 2019ರಿಂದ ಹೈನುಗಾರರಿಗೂ ಸಿಗುತ್ತಿದೆ. ಆಕಳು ಕೊಳ್ಳಲು ಅಲ್ಲ, ಹಿಂಡಿ, ಹುಲ್ಲು, ಔಷಧಿ, ವಿಮೆಯಂಥ ನಡೆಸುವ ಖರ್ಚಿಗೆ. 2 ಲಕ್ಷದವರೆಗೆ ಶೇ 7, ಅವಧಿಯೊಳಗೆ ತೀರಿಸಿದರೆ ಕೇಂದ್ರದ ರಿಯಾಯಿತಿ ಸೇರಿ ಶೇ 4. ಬೆಲೆ ಏರಿಕೆ ಶೇ 5-6 ಇದ್ದ ವರ್ಷಗಳಲ್ಲಿ ಇದು ಬ್ಯಾಂಕೇ ನಿಮಗೆ ಬಡ್ಡಿ ಕೊಟ್ಟ ಹಾಗೆ. ಆ ವರ್ಷಗಳಲ್ಲಿ ಕಾರ್ಡು ಮಾಡಿಸದೆ ಅಂಗಡಿಯಲ್ಲಿ ಉದ್ರಿ ಹಿಂಡಿ ತಂದವರು ಎಷ್ಟು ಮಂದಿ! ಈಗಿನ ಲೆಕ್ಕದಲ್ಲೂ ಅದಕ್ಕಿಂತ ಅಗ್ಗದ ಹಣ ಹೈನುಗಾರರಿಗೆ ಸುಲಭವಾಗಿ ಸಿಗುವುದಿಲ್ಲ. ಸಹಕಾರ ಸಂಸ್ಥೆಗಳ ಮೂಲಕ ರಾಜ್ಯ ಸರ್ಕಾರದ ಶೇ 3ರ ಮಧ್ಯಮಾವಧಿ, ದೀರ್ಘಾವಧಿ ಕೃಷಿ ಸಾಲದ ಮಿತಿ 2023ರ ಬಜೆಟ್ಟಿನಲ್ಲಿ 15 ಲಕ್ಷಕ್ಕೆ ಏರಿದೆ. ಕೊಟ್ಟಿಗೆ, ಆಕಳಿಗೆ ಅದು ದೊರೆಯುತ್ತದೆಯೇ ಎಂದು ನಿಮ್ಮ ಕೃಷಿ ಪತ್ತಿನ ಸಂಘದಲ್ಲಿ, ಪಿಕಾರ್ಡ್ ಬ್ಯಾಂಕಿನಲ್ಲಿ ಮೊದಲು ವಿಚಾರಿಸಿ, ಆಮೇಲೆ ಪೇಟೆಗೆ ಹೋಗಿ. ಇವೆಲ್ಲದಕ್ಕೂ ಒಂದೇ ಷರತ್ತು, ಗಡುವು ದಾಟಬಾರದು. ದಾಟಿದರೆ ರಿಯಾಯಿತಿ ಹೋಗುತ್ತದೆ.

ಆಕಳು ಕೊಳ್ಳುವ ಶೇ 12ರ ಸಾಲಕ್ಕೆ ಮಾತ್ರ ಈ ಹೊತ್ತು ನಾನು "ತಡೀರಿ" ಎನ್ನುತ್ತೇನೆ. 2025ರ ಏಪ್ರಿಲಿನ 4 ರೂಪಾಯಿ ಏರಿಕೆ ಹಿಂದೆ ಸರಿದ ಮಾತು. ಮುಂದಿನ ಮೂರು ವರ್ಷವೂ ಹಾಲಿನ ದರ ಶೇ 7ರಂತೆ ಏರುತ್ತದೆ ಎಂದು ನಂಬಿ ಸಾಲ ಮಾಡಬೇಡಿ. ದರ ನಿಂತೇ ಬಿಟ್ಟಿತು ಎಂದು ಲೆಕ್ಕ ಹಾಕಿ, ಆಗಲೂ ಕಂತು ಹೊರುವಂತಿದ್ದರೆ ತನ್ನಿ. ಮನೆಯಲ್ಲಿ ಒಳ್ಳೆಯ ಹೆಣ್ಣುಗರು ಇದ್ದರೆ ಅದನ್ನೇ ಚೆನ್ನಾಗಿ ಬೆಳೆಸಿ. ಅದರ ಬೆಲೆಗೆ ಬಡ್ಡಿ ಇಲ್ಲ, ಸಂತೆಯ ಮೋಸವೂ ಇಲ್ಲ. ಸಬ್ಸಿಡಿ ಸಾಲ ಬಂತೆಂದರೆ ಸಂತೆಯಲ್ಲಿ ಆಕಳಿನ ಬೆಲೆಯೂ ಏರುವುದನ್ನು ನೀವೇ ನೋಡಿದ್ದೀರಿ, ಕಡಿಮೆ ಬಡ್ಡಿಯ ಲಾಭವನ್ನು ಹಲವು ಸಲ ದಲ್ಲಾಳಿಯೇ ತಿನ್ನುತ್ತಾನೆ. ಹಳೆಯ ಹೆಚ್ಚು ಬಡ್ಡಿಯ ಸಾಲವಿದ್ದು ಕೈಯಲ್ಲಿ ಬೋನಸ್ಸೋ ಭತ್ತದ ದುಡ್ಡೋ ಇದ್ದರೆ, ಈಗ ಮೊದಲು ತೀರಿಸಬೇಕಾದದ್ದು ಅದನ್ನು. ಬೆಲೆ ಏರಿಕೆ ಕಡಿಮೆ ಇರುವ ಕಾಲದಲ್ಲಿ ಹಳೆ ಸಾಲ ತಾನಾಗಿ ಕರಗುವುದಿಲ್ಲ.

ಇನ್ನೊಂದು ಕಡೆ, ಸ್ವಸಹಾಯ ಸಂಘದ ತಾಯಂದಿರಿಗೆ ಈ ಕಾಲ ಒಳ್ಳೆಯದೇ. ಹಣ ಇಟ್ಟವರಿಗೆ ನಿಜವಾಗಿ ಬಡ್ಡಿ ಸಿಗುತ್ತಿದೆ. ಉಳಿತಾಯ ಖಾತೆಯಲ್ಲಿ ಶೇ 2.5ಕ್ಕೆ ಸುಮ್ಮನೆ ಬಿಡುವ ಬದಲು ವರ್ಷದ ಠೇವಣಿಗೆ ಹಾಕಿ. ಆಕಳು ಬತ್ತಿದ ತಿಂಗಳಿನ ಕಂತಿಗೆ ಅದೇ ಆಸರೆ.

ವಿಮೆಯನ್ನು ಬಿಡಬೇಡಿ. 2022ರಲ್ಲಿ ಚರ್ಮಗಂಟು ರೋಗ ಬಂದಾಗ ಸತ್ತ ಆಕಳಿಗೆ ಸರ್ಕಾರ 20,000 ರೂಪಾಯಿ ಪರಿಹಾರ ಕೊಟ್ಟಿತು. ಅದು ಸಹಾಯವೇ, ಅಲ್ಲವೆನ್ನುವುದಿಲ್ಲ. ಆದರೆ 80,000ದ ಸಾಲದಲ್ಲಿ ಉಳಿದ 60,000ಕ್ಕೆ ಆಕಳಿಲ್ಲದೆಯೂ ಬಡ್ಡಿ ಬೆಳೆಯುತ್ತಲೇ ಇರುತ್ತದೆ.

ಕೊನೆಗೆ ನಮ್ಮ ಆಡಳಿತ ಮಂಡಳಿಯವರಿಗೂ ಸರ್ಕಾರಕ್ಕೂ ನನ್ನ ಎರಡು ವಿನಂತಿ. ಪ್ರೋತ್ಸಾಹಧನ 2008ರಲ್ಲಿ 2 ರೂಪಾಯಿಗೆ ಶುರುವಾಗಿ, 2013ರಲ್ಲಿ 4, 2016ರಲ್ಲಿ 5 ಆಯಿತು. 2025ರಲ್ಲೂ ಅಷ್ಟೇ ಇತ್ತು. ಅಂದಿನ 5 ರೂಪಾಯಿಗೆ ಬರುತ್ತಿದ್ದ ಸಾಮಾನಿಗೆ 2025ರಲ್ಲಿ ಏಳೂವರೆ ಬೇಕಿತ್ತು, ಅಂದರೆ 2025ರ 5 ರೂಪಾಯಿ ಅಂದಿನ ಮೂರೂಕಾಲು ರೂಪಾಯಿಯ ಆಸುಪಾಸು. ಅಂಕಿಯನ್ನು ಮುಟ್ಟದೆಯೇ ಪ್ರೋತ್ಸಾಹಧನ ಮೂರನೇ ಒಂದು ಪಾಲು ಕಡಿತವಾಗಿತ್ತು. ಪ್ರತಿ ವರ್ಷ ಬೆಲೆ ಏರಿಕೆಗೆ ತಕ್ಕಂತೆ ಅದು ತಾನಾಗಿ ಏರುವ ಹಾಗೆ ಮಾಡಿದರೆ ಚುನಾವಣೆಗೊಮ್ಮೆ ಬೇಡುವುದು ತಪ್ಪುತ್ತದೆ.

ಎರಡನೆಯದು ಕಂತಿನದು. ಬಟವಾಡೆಯಲ್ಲಿ ಮುರಿದುಕೊಳ್ಳುವ ಸಾಲದ ಕಂತನ್ನು ತಿಂಗಳಿಗೆ ಇಂತಿಷ್ಟು ರೂಪಾಯಿ ಎನ್ನುವ ಬದಲು ಹಾಲಿನ ಬಿಲ್ಲಿನಲ್ಲಿ ಇಂತಿಷ್ಟು ಪಾಲು ಎಂದು ಬ್ಯಾಂಕುಗಳ ಜೊತೆ ಮಾತಾಡಿ ಗೊತ್ತುಮಾಡಬೇಕು. ಈದ ಹೊಸದರಲ್ಲಿ ಹಾಲು ಹೆಚ್ಚಿದ್ದಾಗ ಹೆಚ್ಚು ಮುರಿಯಲಿ, ಬತ್ತಿದಾಗ ನಿಲ್ಲಲಿ. ದರ ಏರಿದರೆ ಸಾಲ ಬೇಗ ತೀರುತ್ತದೆ, ಇಳಿದರೆ ಎರಡು ತಿಂಗಳು ಮುಂದೆ ಹೋಗುತ್ತದೆ. ಬ್ಯಾಂಕಿನವರು ಇದು ಕಷ್ಟ ಎನ್ನುತ್ತಾರೆ. ಹಾಲು ಸಂಘದ ಕಂಪ್ಯೂಟರಿನಲ್ಲಿ ಪ್ರತಿ ದಿನದ ಲೀಟರು, ಫ್ಯಾಟು, ಎಸ್‌ಎನ್‌ಎಫ್ ಎಲ್ಲವೂ ಇರುವಾಗ ಇದರಲ್ಲಿ ಕಷ್ಟವೇನಿದೆ ಎಂದು ನನಗೆ ತಿಳಿಯದು. ಮುಂದಿನ ವಾರ್ಷಿಕ ಮಹಾಸಭೆಯಲ್ಲಿ ನಿಮ್ಮ ಸಂಘದಿಂದ ಈ ಠರಾವು ಬರಲಿ.

ಅಷ್ಟರವರೆಗೆ ಒಂದು ಸಣ್ಣ ಕೆಲಸ ಮಾಡಿ. ನಿಮ್ಮ ಹಾಲಿನ ಪಾಸ್ ಪುಸ್ತಕದ ಮೊದಲ ಪುಟದಲ್ಲಿ ಮೂರು ಸಾಲು ಬರೆಯಿರಿ: ಸಾಲ ತಂದ ದಿನ ಲೀಟರಿಗೆ ಸಿಗುತ್ತಿದ್ದ ದರ, ಅಂದು ಹಿಂಡಿ ಚೀಲದ ಬೆಲೆ, ಕಾರ್ಡು ನವೀಕರಿಸಬೇಕಾದ ತಾರೀಖು. ಮುಂದಿನ ಸಲ ಲಸಿಕೆಗೆ ಬಂದಾಗ ಆ ಪುಟ ತೋರಿಸಿ, ನಿಮ್ಮ ಸಾಲದ ನಿಜ ಬಡ್ಡಿ ಎಷ್ಟೆಂದು ಅಲ್ಲೇ ಕೂತು ಲೆಕ್ಕ ಹಾಕೋಣ.